ಜೋಳದ ಚೀಲಗಳ ಪಕ್ಕದ ನೆಟ್‌ವರ್ಕ್ ಲ್ಯಾಬ್

ಬೆಳಗಿನ ಐದು ಗಂಟೆ. ಮಾದನಹಿಪ್ಪರಗಾದಿಂದ ಆಳಂದಕ್ಕೆ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಪಡಸಾಲೆಯ ಮೂಲೆಯಲ್ಲಿ ಮಹಾನಂದಾ ಕೇಬಲ್ಲಿನ ತುದಿ ಸುಲಿದು, ಒಳಗಿನ ಎಂಟು ಎಳೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಾರೆ. ಇಕ್ಕಳ ಒತ್ತಿದೊಡನೆ ಪ್ಲಗ್ ಕಟಕ್ಕೆಂದು ಕೂಡುತ್ತದೆ. ಜೋಳದ ಚೀಲಗಳ ಪಕ್ಕ, ಗೋಡೆಯ ಗೂಡಿನಲ್ಲಿ ಎರಡು ಹಳೆಯ ಕಂಪ್ಯೂಟರ್, ಒಂದು ರೂಟರ್, ಕಂಪ್ಯೂಟರುಗಳ ವೈರುಗಳನ್ನೆಲ್ಲ ಒಂದೆಡೆ ಕೂಡಿಸುವ ಒಂದು ಸ್ವಿಚ್ ಡಬ್ಬಿ. ಎಲ್ಲವೂ ಗುಜರಿ ಅಂಗಡಿಯ ಅರ್ಬಾಜ ತೆಗೆದಿಟ್ಟು ಕೊಟ್ಟ ಮಾಲು. ಇಲಿ ಕಡಿಯದಿರಲೆಂದು ಗೌಂಡಿ ಕೆಲಸದ ಗಂಡ ಭಗವಂತ ವೈರುಗಳನ್ನು ಪೈಪಿನೊಳಗೆ ಹಾಯಿಸಿದ್ದಾರೆ.

ಮೂವತ್ತೆಂಟರ ಮಹಾನಂದಾ ಆಳಂದದ ಖಾಸಗಿ ಕಾಲೇಜೊಂದರಲ್ಲಿ ಕಸ ಗುಡಿಸುವವರು. ದಿನಕ್ಕೆ ಹನ್ನೊಂದು ಕೋಣೆ, ನಲವತ್ತೆರಡು ಕಂಪ್ಯೂಟರಿನ ದೂಳು. ಓದು ಹತ್ತನೇ ತರಗತಿಗೇ ನಿಂತಿದೆ.

ಮೂರು ವರ್ಷದ ಹಿಂದೆ, ಪರೀಕ್ಷೆಯ ಮುನ್ನಾದಿನ, ಲ್ಯಾಬಿನಲ್ಲಿ ವೈರಿನ ತುದಿಯೊಂದು ಜೋತುಬಿದ್ದಿತ್ತು. ಗುಡಿಸಲು ಅಡ್ಡವೆಂದು ಅವರು ಅದನ್ನು ಸ್ವಿಚ್ಚಿನ ಖಾಲಿ ತೂತಿಗೆ ಸಿಕ್ಕಿಸಿದರು. ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿತ್ತು. ಮರುದಿನ ಎಲ್ಲ ಕಂಪ್ಯೂಟರುಗಳೂ ನಿಂತು ಪರೀಕ್ಷೆ ಮುಂದಕ್ಕೆ ಹೋಯಿತು. ಕಲಬುರಗಿಯಿಂದ ಬಂದ ರಿಪೇರಿಯವನು ವೈರು ಕಿತ್ತು, ಯಾರು ಸಿಕ್ಕಿಸಿದ್ದೆಂದು ಕೇಳಿದ. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

‘ನಾನೇ ಹಚ್ಚೀನ್ರಿ ಅಂದೆ. ಪ್ರಿನ್ಸಿಪಾಲ್ರು ಎಲ್ಲಾರ ಮುಂದ ಬೈದ್ರು. ಇನ್ನ ವಾಯರ್ ಮುಟ್ಟಿದ್ರ ಮನಿಗೆ ಹೋಗು ಅಂದ್ರು. ಅದಕ್ಕ ಬ್ಯಾಸರಿಲ್ರಿ. ಒಂದ್ ವಾಯರ್‌ಗೆ ಇಷ್ಟೆಲ್ಲಾ ಹ್ಯಾಂಗ ಬಂದ್ ಬಿತ್ತು, ಅದನ್ನ ಯಾರೂ ಹೇಳ್ಲಿಲ್ಲ.’

ಆ ಉತ್ತರಕ್ಕೆಂದೇ ಮನೆಯ ಲ್ಯಾಬು ಶುರುವಾಯಿತು. ಮೊಬೈಲಿನಲ್ಲಿ ಪಾಠ ನೋಡಿ ಕಲಿತರು. ಮೊದಲ ಮೂವತ್ತು ಪ್ಲಗ್ ಹಾಳಾದವು. ಆರು ತಿಂಗಳಿಗೆ ಎರಡು ಕಂಪ್ಯೂಟರುಗಳು ಒಂದಕ್ಕೊಂದು ಓಗೊಟ್ಟ ದಿನ, ಬೇಕೆಂದೇ ಆ ತಪ್ಪನ್ನು ಮತ್ತೆ ಮಾಡಿದರು. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗಿದವು, ಕಂಪ್ಯೂಟರುಗಳು ಕಲ್ಲಾದವು. ‘ಕಂಪ್ಯೂಟರ್ ಕಳಿಸೋ ಸುದ್ದಿ ಚೀಟಿ ಇದ್ದಂಗ್ರಿ. ಎರಡೂ ತುದಿ ಒಂದೇ ಡಬ್ಬಿಗೆ ಹಚ್ಚಿದ್ರ ಆ ಚೀಟಿ ಸುತ್ತಿ ಸುತ್ತಿ ಅಲ್ಲೇ ಬರ್ತದ್ರಿ, ಒಂದಿದ್ದದ್ದು ಸಾವಿರ ಆಗ್ತದ. ಬ್ಯಾರೆ ಚೀಟಿಗೆ ದಾರಿನೇ ಉಳಿಯಂಗಿಲ್ಲ.’

ಕಳೆದ ಮಾರ್ಚಿನಲ್ಲಿ ಕಾಲೇಜಿನ ಲ್ಯಾಬು ಮತ್ತೆ ನಿಂತಿತು. ಪರೀಕ್ಷೆಗೆ ಅರ್ಧ ಗಂಟೆಯಿತ್ತು. ಮಹಾನಂದಾ ಒಳಗೆ ಕೈಯಿಡುವಂತಿಲ್ಲ; ಬಾಗಿಲಲ್ಲೇ ನಿಂತು, ಸ್ವಿಚ್ಚಿನ ದೀಪಗಳು ಮನೆಯಲ್ಲಿ ಕಂಡಂತೆಯೇ ಒಟ್ಟಿಗೆ ಮಿನುಗುವುದನ್ನು ನೋಡಿದರು. ‘ಮೇಡಂ, ಹೊಸಾ ಕಂಪ್ಯೂಟರ್ ಕೂಡ್ಸಿದ ಕಡಿ ನೋಡ್ರಿ. ಒಂದೇ ವಾಯರಿನ ಎರಡೂ ತುದಿ ಒಂದೇ ಡಬ್ಬಿಗೆ ಹಚ್ಚ್ಯಾರೇನು?’ ಉಪನ್ಯಾಸಕಿ ಭುವನೇಶ್ವರಿ ಬಗ್ಗಿ ನೋಡಿ, ಒಂದು ತುದಿ ಕಿತ್ತರು. ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೆಯಿತು.

ಕೆಲಸ ಇಂದಿಗೂ ಅದೇ. ಆದರೆ ಭಾನುವಾರಗಳಂದು, ಭುವನೇಶ್ವರಿ ಕಳಿಸಿಕೊಡುವ ಅಫಜಲಪುರ, ಜೇವರ್ಗಿ ಕಡೆಯ ಐವರು ವಿದ್ಯಾರ್ಥಿನಿಯರು ಈ ಪಡಸಾಲೆಯಲ್ಲಿ ನೆಟ್‌ವರ್ಕ್ ಕೆಲಸ ಕಲಿಯಲು ಕೂರುತ್ತಾರೆ. ಕೊಳಕೂರಿನ ಅಫ್ರೀನ ಮೊದಲ ದಿನ ಹೆದರಿ ಕೈಕಟ್ಟಿ ಕೂತಿದ್ದಳು. ಮಹಾನಂದಾ ವೈರನ್ನು ಅವಳ ಕೈಗೇ ಕೊಟ್ಟರು.

‘ಹಚ್ಚಿ ನೋಡ್ ಬೇ, ಕಿತ್ತಿ ನೋಡ್. ಇಲ್ಲಿ ಏನ್ ಬಂದ್ ಬಿದ್ರೂ ಯಾರೂ ಬೈಯಂಗಿಲ್ಲ.’