ಒಂದೇ ಲಾಟಿನ ಎರಡು ಕಾಲು

ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ನಾನು ಹಾಕಿಕೊಟ್ಟ ಕಟಿಂಗ್ ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯುತ್ತಿತ್ತು. ಅದನ್ನೇ ಕುರುಗೋಡಿನ ಅವರ ಹೊಸ ಶೆಡ್ಡಿನಲ್ಲಿ ಹಾಕಿದರೆ ತೆರೆದುಕೊಳ್ಳಲೇ ಇಲ್ಲ. ಹೊಲಿಯುವ ಹೆಂಗಸರೆಲ್ಲ ಕೆಲಸವಿಲ್ಲದೆ ನನ್ನನ್ನೇ ನೋಡುತ್ತ ಕೂತಿದ್ದರು.

ಕಟಿಂಗ್ ಮಾಸ್ಟರ್ ಖಾದರ್ ಭಾಯ್ ಪಕ್ಕಕ್ಕೆ ಬಂದು ನಿಂತರು. "ಅಲ್ಲಿದ್ದದ್ದನ್ನ ಇಲ್ಲೂ ಹಾಕೀರೇನ್ರಿ?"

"ಹೌದ್ರಿ, ಅದು ನಡಿಯಾಕ ಬೇಕಾದ ಸಣ್ಣ ಸಣ್ಣ ಪ್ರೋಗ್ರಾಮು, ಅದೇ ಪ್ಯಾಕೇಜುಗಳು. ಎಲ್ಲಾ ಲೇಟೆಸ್ಟ್ ಇಳಿಸೀನಿ."

"ಲೇಟೆಸ್ಟ್ ಅಂದ್ರ ಯಾವತ್ತಿಂದು? ಬಳ್ಳಾರ್ಯಾಗ ಹಾಕಿದ ದಿನದ್ದೋ, ಇವತ್ತಿಂದೋ?"

ನನ್ನ ಪಟ್ಟಿಯಲ್ಲಿ ಪ್ಯಾಕೇಜುಗಳ ಹೆಸರುಗಳಿದ್ದವು, ಒಂದಕ್ಕೂ ವರ್ಷನ್ ನಂಬರ್ ಇರಲಿಲ್ಲ; ಬಳ್ಳಾರಿಯಲ್ಲಿ ಹಾಕಿದ ಮೇಲೆ ಯಾವುದು ಬದಲಾಗಿದೆಯೋ ತಿಳಿಯುವಂತಿರಲಿಲ್ಲ.

ಅವರು ನೀಲಿ ಬಟ್ಟೆಯ ಎರಡು ತುಂಡು ಹಿಡಿದು ತೋರಿಸಿದರು. ನನ್ನ ಕಣ್ಣಿಗೆ ಎರಡೂ ಒಂದೇ. "ಬಣ್ಣದ ಲಾಟ್ ಬ್ಯಾರೆ ಬ್ಯಾರೆ ಅದಾವ್ರಿ, ಒಂದೇ ಸಲ ಬಣ್ಣಕ್ಕ ಹಾಕಿದ್ದಲ್ಲ. ಪ್ಯಾಂಟಿನ ಒಂದ್ ಕಾಲು ಇದರಾಗ, ಇನ್ನೊಂದು ಅದರಾಗ ಕತ್ತರಿಸಿದ್ರ, ಒಗದ ಮ್ಯಾಲ ಗೊತ್ತಾಗ್ತೈತಿ. ಅದಕ್ಕ ಪ್ರತಿ ತುಂಡಿಗೂ ಲಾಟ್ ನಂಬರ್ ಬರೀತೀವಿ."

ಬಳ್ಳಾರಿಗೆ ಫೋನ್ ಮಾಡಿ, ಅಲ್ಲಿನ ವರ್ಷನ್ ನಂಬರುಗಳನ್ನು ಒಂದೊಂದಾಗಿ ಓದಿಸಿ, ಆ ವರ್ಷನ್‌ಗಳನ್ನೇ ಇಳಿಸಿದೆ. ತೆರೆಯಿತು.

ಹೊರಡುವಾಗ ನೋಡಿದರೆ, ಆ ನಂಬರುಗಳೆಲ್ಲ ಭಾಯ್ ಕೈಯ ಸೀಮೆಸುಣ್ಣದಲ್ಲಿ ಕಂಪ್ಯೂಟರ್ ಡಬ್ಬಿಯ ಮೇಲೆ ಕೂತಿದ್ದವು. ಕೆಳಗೆ ನನ್ನ ಹೆಸರು.

"ಹೆಸರ್ಯಾಕ್ರಿ ಭಾಯ್?"

"ಕತ್ತರಿಸಿದೋರ ಹೆಸರೂ ಬರೀಬೇಕ್ರಿ. ನಾಳೆ ಕಾಲು ಹೊಂದಲಿಲ್ಲಂದ್ರ ಯಾರನ್ನ ಹಿಡೀಬೇಕು?"