ಕಾರಿನಲ್ಲಿ ಹೇಳಿದ ಖಲಾಸ್

ಥೆರಪಿ ಶುರು ಮಾಡುವ ಮೊದಲು ಏನು ತಿಳಿದಿರಬೇಕು ಎಂದು ಗೆಳತಿಯೊಬ್ಬಳು ಕೇಳಿದಳು. ನಿನ್ನ ನೆನಪುಗಳನ್ನು ಅಷ್ಟೊಂದು ನಂಬಿಕೊಂಡು ಹೋಗಬೇಡ ಎಂದೆ. ಅವಳಿಗೆ ಅದು ಉತ್ತರವೆನ್ನಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದರಲ್ಲೂ ನಡೆದದ್ದೆಷ್ಟು, ನಾನು ತಿದ್ದಿಕೊಂಡದ್ದೆಷ್ಟು ಎಂಬ ಅನುಮಾನ ಇದ್ದೇ ಇದೆ.

ಮಾರ್ಚಿನಲ್ಲಿ ಶಾಲೆ ಮುಗಿದೊಡನೆ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದು ಗಂಡನಿಗೆ ಹೇಳಿಯಾಗಿತ್ತು. ಅದಕ್ಕೂ ಮೊದಲು ಇಬ್ಬರೂ ಯಾರ ಎದುರಾದರೂ ಕೂತು ಮಾತಾಡೋಣ ಎಂದು ಅವರು ಕೇಳಿಕೊಂಡರು. ನಾವಿರುವುದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ. ಲಿಫ್ಟ್ ಹತ್ತಿದರೆ ಊರಿನವರೊಬ್ಬರು ಸಿಕ್ಕೇ ಸಿಗುತ್ತಾರೆ. ಹಾಗಾಗಿ ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಒಬ್ಬ ಥೆರಪಿಸ್ಟ್ ಹುಡುಕಿದೆವು. ಲೆಬನಾನಿನ ಹಿರಿಯ ಹೆಂಗಸು.

ಮೊದಲ ದಿನವೇ ಅವರು ಸ್ಪಷ್ಟಪಡಿಸಿದರು: ಪ್ರತಿ ಶನಿವಾರ ಇದೇ ಹೊತ್ತು, ತಿಂಗಳುಗಟ್ಟಲೆ ಹಿಡಿಯಬಹುದು. ಯಾರದ್ದು ಸರಿ ಎಂದು ತೀರ್ಪು ಕೊಡುವುದಿಲ್ಲ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುವುದಿಲ್ಲ. ಒಂಟಿಯಾಗಿ ಹೇಳಬೇಕಾದ್ದಿದ್ದರೆ ಅದಕ್ಕೆ ಬೇರೆ ಥೆರಪಿಸ್ಟ್. ಈಗಿನ ಜಗಳದೊಳಗೆ ಯಾವ ಹಳೆಯ ದನಿ ಇದೆ ಎಂದು ಮೂವರೂ ಕೇಳಿಸಿಕೊಳ್ಳುವುದೇ ಕೆಲಸ. ಕೆಲವು ವಾರ ಬಂದಾಗಿನದಕ್ಕಿಂತ ಹೆಚ್ಚು ನೋವು ಹೊತ್ತು ಹೋಗಬಹುದು.

ಗಂಡ ಉಡುಪಿಯವರು. ವಾಪಸು ಬರುವಾಗ ಗೊಣಗಿದರು: "ಪರಿಹಾರ ಎಂತ ಅಂತ ಹೇಳಲೇ ಇಲ್ಲ ಮಾರಾಯ್ತಿ. ಬರೀ 'ಮತ್ತೆ? ಮತ್ತೆ?' ಅಂತ ಕೇಳುದು."

"ನಿಮ್ಮ ಅಮ್ಮ ಊಟಕ್ಕ ಬಡಸೂ ಮುಂದ ಹಂಗ ಕೇಳ್ತಾರಲ್ರೀ."

ಬಹಳ ದಿನದ ಮೇಲೆ ಒಟ್ಟಿಗೆ ನಕ್ಕೆವು.

ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಅದು ಅನುಕೂಲವೇ ಆಗಿತ್ತು. ಇಂಗ್ಲಿಷಿನಲ್ಲಿ ನಾನು ಅಳದೆ ಮಾತಾಡಬಲ್ಲೆ. ಕೆಲವು ವಾರಗಳ ನಂತರ ಆ ದಿನದ ಬಗ್ಗೆಯೂ ಹಾಗೇ ಹೇಳಿದೆ. ಎರಡನೆಯ ಮಗು ಹೊಟ್ಟೆಯಲ್ಲೇ ಹೋದ ದಿನ, ಆಸ್ಪತ್ರೆಯಿಂದ ಬರುವಾಗ, ಹಮ್ದಾನ್ ಸ್ಟ್ರೀಟಿನ ಸಿಗ್ನಲ್ಲಿನಲ್ಲಿ ನಾನು ಅಳುತ್ತಿದ್ದೆ. ಇವರು "ಖಲಾಸ್" ಎಂದರು. ಮುಗಿಯಿತು. ಅಷ್ಟೇ.

"ಅದು ನಮ್ಮ ಅರಬ್ಬಿ ಮಾತು," ಎಂದರು ಥೆರಪಿಸ್ಟ್. "ಯಾವ ದನಿಯಲ್ಲಿ ಹೇಳಿದರು?"

ಕತ್ತರಿಸಿದ ಹಾಗೆ ಹೇಳಿ ತೋರಿಸಿದೆ. ಗಂಡ ನನ್ನತ್ತ ತಿರುಗಿದರು. ಇಂಗ್ಲಿಷ್ ಬಿಟ್ಟೇಹೋಗಿತ್ತು.

"ಹಾಗೆ ಹೇಳಿದ್ದಲ್ಲ. ಆಸ್ಪತ್ರೆಲಿ ಆ ಅರಬ್ಬಿ ಸಿಸ್ಟರ್ ನಿನ್ನ ತಲೆ ಸವರಿ 'ಖಲಾಸ್, ಖಲಾಸ್' ಅಂತಿದ್ರು. ನೀನು ಸ್ವಲ್ಪ ಸುಮ್ಮನಾದೆ. ಕಾರಲ್ಲಿ ಮತ್ತೆ ಅತ್ತೆ. ನಂಗೆ ಎಂತ ಹೇಳುದು ಗೊತ್ತಾಗ್ಲಿಲ್ಲ. ಅದನ್ನೇ ಹೇಳಿದೆ."

ಥೆರಪಿಸ್ಟ್‌ಗೆ ಕನ್ನಡ ಬರದು. ಗಂಡನ ಮಾತನ್ನು ನಾನೇ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಇಂಗ್ಲಿಷಿನಲ್ಲೇ ಅಳುತ್ತಿದ್ದೆ.

"ಅಳುವ ಮಕ್ಕಳನ್ನು ಸಮಾಧಾನ ಮಾಡಲು ನಾವು ಹಾಗೆ ಹೇಳುತ್ತೇವೆ," ಎಂದರು ಥೆರಪಿಸ್ಟ್. "ನೀವು ಕೇಳಿಸಿಕೊಂಡ ಅರ್ಥವೂ ಆ ಮಾತಿಗಿದೆ." ಮತ್ತೆ ಕೇಳಿದರು: "ಇದಕ್ಕಿಂತ ಮೊದಲು ನಿಮ್ಮ ಅಳುವನ್ನು ಯಾರು ಮುಗಿಸುತ್ತಿದ್ದರು?"

ಅಪ್ಪ. "ಸಾಕು, ಮುಗೀತು" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದನ್ನು ನಾನು ಗಂಡನಿಗೆ ಹೇಳಿರಲೇ ಇಲ್ಲ, ಅಥವಾ ಹೇಳಿಲ್ಲವೆಂದು ನೆನಪು.

ಆ ಸಿಸ್ಟರ್ ನನಗೆ ನೆನಪಿಲ್ಲ. ಎಷ್ಟು ಯತ್ನಿಸಿದರೂ ತಲೆಯ ಮೇಲೊಂದು ಕೈ ಮಾತ್ರ ಬರುತ್ತದೆ. ಅದು ಅಂದಿನದೋ, ಗಂಡ ಹೇಳಿದ ಮೇಲೆ ನಾನೇ ಇಟ್ಟುಕೊಂಡದ್ದೋ ತಿಳಿಯದು. ಯಾರು ಸರಿ ಎಂದು ಥೆರಪಿಸ್ಟ್ ಹೇಳಲಿಲ್ಲ.

ಅಂದು ಸಂಜೆ ಮಗಳು ಕೇಳಿದಳು: "ಸೋ, ಆರ್ ವಿ ಮೂವಿಂಗ್ ಟು ಧಾರವಾಡ ಆರ್ ನಾಟ್?"

ಅಲ್ಲಿಯವರೆಗೆ ಪ್ರತಿ ಸಲ ಹೌದು ಎಂದೇ ಹೇಳಿದ್ದೆ.

"ಗೊತ್ತಿಲ್ಲವ್ವಾ. ಮಾರ್ಚಿಗಂತೂ ಇಲ್ಲ."

"ವೈ?"

"ಪ್ರತಿ ಶನಿವಾರ ನಾನೂ ನಿಮ್ಮಪ್ಪನೂ ದುಬೈಗೆ ಹೋಗಬೇಕು," ಎಂದೆ.