ಹಲ್ಲಿನಿಂದ ಸಪ್ಪಳ ಕೇಳುತ್ತಿದ್ದ ದಾವಲಸಾಬ

ಆ ಕೆಂಪು ಕಾರು ಮನೋಳಿ ರಸ್ತೆಯಲ್ಲಿ ಮಗುಚಿದ್ದು ಸಣ್ಣ ಸಾವ್ಕಾರನ ಸೊಕ್ಕಿನಿಂದ. ದಾವಲಸಾಬ ಮಿಸ್ತ್ರಿ ನಟ್ಟು ಸಡಿಲ ಬಿಟ್ಟಿದ್ದ ಅನ್ನುವುದು ಸುಳ್ಳು. ಬೈಲಹೊಂಗಲದಲ್ಲಿ ಇವತ್ತಿಗೂ ಆ ಸುಳ್ಳನ್ನು ಎಲೆಯಡಿಕೆ ಜಗಿಯುತ್ತಾ ಹೇಳುವ ಮುದುಕರು ನಾಲ್ಕೈದು ಮಂದಿ ಬದುಕಿದ್ದಾರೆ. ಅವರಲ್ಲಿ ಒಬ್ಬನೂ ಆ ಕಾರಿನ ಕೆಳಗೆ ಬಗ್ಗಿ ನೋಡಿದವನಲ್ಲ. ನಾನು ನೋಡಿದ್ದೇನೆ. ಈ ಹಾಳು ಕೆಲಸದಲ್ಲಿ ನನ್ನ ತಪ್ಪೂ ಒಂದಿದೆ, ಅದರ ಜಾಗ ಬಂದಾಗ ಹೇಳುತ್ತೇನೆ. ದಾವಲಸಾಬನದು ಒಂದೂ ಇಲ್ಲ.

ಅವನು ಕಿವುಡ. ಹರೆಯದಲ್ಲಿ ಟ್ರಕ್ಕಿನ ಟಯರೊಂದು ಪಕ್ಕದಲ್ಲೇ ಒಡೆದು ಬಲಗಿವಿ ಪೂರಾ ಹೋಗಿತ್ತು, ಎಡಗಿವಿ ಅರ್ಧ ಉಳಿದಿತ್ತು. ಗಾಡಿಯ ಸಪ್ಪಳವನ್ನು ಅವನು ಹಲ್ಲಿನಿಂದ ಕೇಳುತ್ತಿದ್ದ. ಅವನ ಹತ್ತಿರ ಮೊಳದುದ್ದದ ಒಂದು ಸಾಗವಾನಿ ಕೋಲಿತ್ತು. ಅದರ ಒಂದು ತುದಿಯನ್ನು ಕಬ್ಬಿಣಕ್ಕೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಗಾಡಿಯ ಕೆಳಗೆ ಮಲಗುತ್ತಿದ್ದ. ಗಡ್ಡಕ್ಕೆ ಮಣ್ಣು, ಎದೆಯ ಮೇಲೆ ಎಣ್ಣೆ. ನೋಡಿದವರಿಗೆ ನಗು. ಸ್ವಲ್ಪ ಹೊತ್ತಿಗೆ ಕೋಲು ತೆಗೆದು, "ಬಂತ ನೋಡ್ರಿ, ದವಡ್ಯಾಗ ಬಂತು" ಅನ್ನುತ್ತಿದ್ದ. ಅಲ್ಲಿಗೆ ರೋಗ ಸಿಕ್ಕಿತು ಅಂತಲೇ ಅರ್ಥ.

ಅವನ ಗ್ಯಾರೇಜಿಗೂ ನನ್ನ ಖಾನಾವಳಿಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ನಾನು ರೊಟ್ಟಿ ಬಡಿದೇ ಮಕ್ಕಳನ್ನು ಸಾಕಿದವಳು. ನನ್ನ ಸಾಲಿ ನಾಲ್ಕನೇ ಇಯತ್ತೆಗೇ ಮುಗಿದಿತ್ತು. ಒಂದು ದಿನ ನಾನು ಜ್ವಾಳ ಬೀಸುವಾಗ ಅವನು ಗೋಡೆಗೆ ಅಂಗೈ ಹಚ್ಚಿ ನಿಂತಿದ್ದನಂತೆ. ಆಮೇಲೆ ಬಂದು ಬಾಗಿಲಲ್ಲಿ ನಿಂತು, "ಗಂಗವ್ವಾ, ನಿನ್ನ ಬೀಸುಕಲ್ಲಿನ ಗೂಟ ಸವದೈತಿ, ಕಲ್ಲ ಜಾರತೈತಿ" ಅಂದ. ನಿನ್ನ ಲಾರಿ ನೀ ನೋಡಿಕೋ ಅಂತ ಕಳಿಸಿದೆ. ಮೂರನೆಯ ದಿನ ಕಲ್ಲು ಜಾರಿ ನನ್ನ ಹೆಬ್ಬೆರಳಿನ ಉಗುರು ಹೋಯಿತು. ಅವನು ಜಾಲಿಕಟ್ಟಿಗೆ ಕೆತ್ತಿ ಹೊಸ ಗೂಟ ಮಾಡಿ ತಂದು ಬಡಿದು ಹೋದ. ನಾ ಹೇಳಿದ್ದೆ ಅಂತ ಒಮ್ಮೆಯಾದರೂ ಅಂದಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅನ್ನಲಿಲ್ಲ. ಅವನ ಆ ಗುಣ ನನಗೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ.

ಸಪ್ಪಳದ ಗಾಡಿ ಬಂದರೆ ಅವನು ಹತ್ಯಾರ ಮುಟ್ಟುವ ಮೊದಲು ಅದನ್ನು ಪೂರಾ ಖಾಲಿ ಮಾಡಿಸುತ್ತಿದ್ದ. ಕೊಡೆ, ಬಾಟ್ಲಿ, ಚಪ್ಪಲಿ, ಎಲ್ಲ ಹೊರಗೆ. ದವಾಖಾನೆಯ ಡಾಕ್ಟರ ಕಾರು ಎರಡು ತಿಂಗಳು ಕಟಕಟ ಅನ್ನುತ್ತಿತ್ತು. ಬೇರೆ ಊರಲ್ಲಿ ಸ್ಪ್ರಿಂಗ್ ಬದಲಿ ಮಾಡಿಸಿ ತಂದಿದ್ದರು. ದಾವಲಸಾಬ ಬಾಗಿಲ ಒಳಗಿನ ರಟ್ಟು ಬಿಚ್ಚಿ ಅಡಕತ್ತರಿ ತೆಗೆದು ಕೈಗೆ ಕೊಟ್ಟ. ಡಾಕ್ಟರ ತಾಯಿಯದು. ಕಳವಾಗಿದೆ ಅಂತ ಆ ಮುದುಕಿ ಮನೆಗೆಲಸದವಳನ್ನು ಬಿಡಿಸಿದ್ದಳು. ದಾವಲಸಾಬ ಡಾಕ್ಟರಿಗೆ ಹೇಳಿದ್ದು ಇಷ್ಟೇ: "ಗಾಡಿ ಚಲೋ ಐತ್ರಿ. ಆ ಹೆಣ್ಣಮಗಳನ್ನ ಮತ್ತ ಕರಕೋರಿ."

ಎಪ್ಪತ್ತೈದನೇ ಇಸವಿಯ ಆಸುಪಾಸಿರಬೇಕು, ಸಾವ್ಕಾರನ ಮಗ ಶಿವಾನಂದ, ಊರಿಗೆಲ್ಲ ಸಣ್ಣ ಸಾವ್ಕಾರ, ಆ ಕೆಂಪು ಕಾರು ತಂದ. ಅಪ್ಪನಿಗೆ ಹತ್ತಿಯ ಬೀಜ ಬಿಡಿಸುವ ಜಿನ್ನು ಇತ್ತು, ನಮ್ಮ ಓಣಿಯ ಅಂಗಡಿಗಳ ಜಾಗವೆಲ್ಲ ಅವನದೇ. ಮಗನಿಗೆ ಕೆಲಸವಿಲ್ಲ. ಇಂಗ್ಲಂಡದ ಹಳೆಯ ಓಟದ ಕಾರು, ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಎಷ್ಟು ಹತ್ತಿರ ಅಂದರೆ ಕೂತವನು ಕೈ ಇಳಿಬಿಟ್ಟರೆ ರಸ್ತೆ ಸಿಗುತ್ತಿತ್ತು. ಕಿತ್ತೂರಿಗೆ ಹೋಗಿ ಬಂದ ಮೇಲೆ ಅದಕ್ಕೆ ಸಪ್ಪಳ ಹತ್ತಿತು. ಎಡಕ್ಕೆ ತಿರುಗಿಸಿದರೆ ಟಕ್ ಅನ್ನುತ್ತಿತ್ತು. ತೆಗ್ಗಿಗೆ ಇಳಿದರೆ ಸೊಂಟ ಹಿಡಿದ ಮುದುಕಿಯ ಹಾಗೆ ನರಳುತ್ತಿತ್ತು. ದೊಡ್ಡ ಊರಿನ ಎರಡು ಗ್ಯಾರೇಜಿನಲ್ಲಿ ಬಿಚ್ಚಿ ಕೂಡಿಸಿದ್ದರು, ಸಪ್ಪಳ ಹೋಗಿರಲಿಲ್ಲ. ಕೊನೆಗೆ ಕಿವುಡನ ಹತ್ತಿರ ತಂದರು.

ದಾವಲಸಾಬ ರೋಗಿಯನ್ನು ವಿಚಾರಿಸುವ ಡಾಕ್ಟರನ ಹಾಗೆ ಕೇಳಿದ. ಮುಂಜಾನೆ ಒದರುತ್ತದೋ, ಓಡಿ ಕಾದ ಮೇಲೋ. ಒಬ್ಬರೇ ಕೂತಾಗಲೋ, ಇಬ್ಬರೋ. ಶಿವಾನಂದನಿಗೆ ಒಂದೂ ಗೊತ್ತಿರಲಿಲ್ಲ. ಅವರ ಟ್ರ್ಯಾಕ್ಟರ್ ಡ್ರೈವರ್ ಯಮನಪ್ಪ ಹೇಳಿದ, ಇಬ್ಬರು ಕೂತಾಗ ಜಾಸ್ತಿ ಅಂತ. ಹಾಗಾದರೆ ಭಾರ ಬೇಕು ಅಂತ ದಾವಲಸಾಬ ನನ್ನನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂಡಿಸಿದ. ನಾನು ಆಗಲೂ ತೂಕದ ಹೆಂಗಸೇ. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಸ್ಟೇರಿಂಗ್ ಹಿಡಿದೆ. ಓಣಿಯ ಮಂದಿ ಬಂದು ನಿಂತು, ಗಂಗವ್ವ ಬೊಂಬಾಯಿಗೆ ಹೊಂಟಳು ಅಂತ ಆಡಿಕೊಂಡರು. ಯಮನಪ್ಪ ಮುಂದಿನ ಮೂತಿ ಹಿಡಿದು ಜಗ್ಗಬೇಕು, ನಾನು ಎಡಕ್ಕೆ ಒಂದು ಬೆರಳಿನಷ್ಟು ತಿರುವಬೇಕು, ನಿಲ್ಲಬೇಕು. ಗಾಲಿಗಳಿಗೆ ದಿಮ್ಮಿ ಕೊಟ್ಟು ಎತ್ತರಿಸಿದ ಕಾರಿನ ಕೆಳಗೆ ದಾವಲಸಾಬ ಕೋಲು ಕಚ್ಚಿ ಮಲಗಿದ್ದ. ಟಕ್ ಅನ್ನುವುದು ನನ್ನ ಅಂಗೈಗೇ ಬಡಿಯುತ್ತಿತ್ತು. ಸಪ್ಪಳ ಸ್ಟೇರಿಂಗಿನಲ್ಲೇ ಇದೆ ಅಂದೆ.

"ಅಲ್ಲಿ ಬಂದ ಕೇಳತೈತಿ ತಂಗಿ. ಹುಟ್ಟೂದು ಬ್ಯಾರೆ ಕಡೆ ಐತಿ."

ಮೂರು ದಿನ ಹೀಗೇ ನಡೆಯಿತು. ಒಂದೊಂದು ಕಬ್ಬಿಣಕ್ಕೂ ಕೋಲು ಆನಿಸಿ, ಅದು ಅಲ್ಲ ಅಂತ ಖಾತ್ರಿಯಾದರೆ ಸೀಮೆಸುಣ್ಣದ ಖಡುವಿನಿಂದ ಗೀಟು ಎಳೆದು ಮುಂದೆ ಹೋಗುತ್ತಿದ್ದ. ಮೂರನೆಯ ದಿನ ಸಂಜಿ ಅವನು ಕೆಳಗಿನಿಂದ ಕೈ ಹೊರಗೆ ಹಾಕಿ ಕರೆದ. ಬಗ್ಗಿ ನೋಡಿದೆ. ಬಲಗಾಲಿಯನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ ಅವನು ಉಗುರಿನಿಂದ ಬಣ್ಣ ಕೆರೆದಿದ್ದ. ಒಳಗೆ ಕೂದಲೆಳೆಯಂಥ ಬಿರುಕು, ಅದರ ತುಂಬ ತುಕ್ಕು. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಗಾಲಿಗೆ ಬೀಳುತ್ತದೆ, ಆಗ ಬಿರುಕು ಬಾಯಿ ತೆರೆದು ಟಕ್ ಅನ್ನುತ್ತದೆ ಅಂತ ತಿಳಿಸಿ ಹೇಳಿದ. ಯಾರೋ ಹಿಂದಿನವರು ಮೇಲೆ ಬಣ್ಣ ಬಳಿದು ಮಾರಿದ್ದರು. ತೋಳು ಬಿಚ್ಚಿ ಹೊಸದು ಹಾಕುವ ತನಕ ಈ ಗಾಡಿ ಅಂಗುಲವೂ ಅಲುಗಬಾರದು ಅಂದ.

ಮರುದಿನ ಖಂಡೇಪೂಜಿ, ದಸರೆಯ ಆಯುಧಪೂಜೆ. ನಮ್ಮ ಓಣಿಯ ಕಮ್ಮಾರ, ಸಿಂಪಿಗ, ಗಿರಣಿಯವ ಎಲ್ಲರದೂ ಒಂದೇ ಕಟ್ಟಳೆ: ಹಿಂದಿನ ಸಂಜಿ ಹತ್ಯಾರ ತೊಳೆದು ಹಲಗೆಯ ಮೇಲೆ ಇಟ್ಟು ಕುಂಕುಮ ಹಚ್ಚಿದರೆ ಬನ್ನಿ ಹಂಚುವ ತನಕ ಎತ್ತುವ ಹಾಗಿಲ್ಲ. ದಾವಲಸಾಬ ನಮಾಜಿನ ಮನುಷ್ಯ, ಆದರೂ ಈ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಪಾಲಿಸುತ್ತಿದ್ದ. ಅವನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆಗಳಿಗೆ ಪ್ರತಿವರ್ಷ ಕುಂಕುಮ ಹಚ್ಚುತ್ತಿದ್ದವಳು ನಾನೇ. ಆ ಸಂಜಿಯೂ ಹಚ್ಚಿ ಆಗಿತ್ತು. ಬಿರುಕು ಕಂಡ ಮೇಲೆ ಅವನಿಗೆ ಸಮಾಧಾನವಿರಲಿಲ್ಲ. ಬಲಗಾಲಿ ಬಿಚ್ಚಿಟ್ಟರೆ ಯಾರೂ ಒಯ್ಯಲಾರರು ಅಂತ ಪಾನಾದ ಕಡೆ ಕೈ ಚಾಚಿದ.

"ಪೂಜಿಗಿಟ್ಟದ್ದು ಮುಟ್ಟಬ್ಯಾಡಣ್ಣಾ. ಎರಡ ದಿನದಾಗ ಯಾರ ಒಯ್ತಾರ ಇದನ್ನ?" ಅಂದೆ.

ಅವನು ಕೈ ಹಿಂದಕ್ಕೆ ತೆಗೆದ. ನನ್ನ ತಪ್ಪು ಇದು. ಅವನ ಹಲ್ಲು ಹೇಳಿದ್ದನ್ನು ಕೇಳದೆ ನಾನು ಕುಂಕುಮದ ಮಾತು ಕೇಳಿಸಿದೆ. ಗಾಜಿನ ಮೇಲೆ ಖಡುವಿನಿಂದ ದಪ್ಪಕ್ಷರದಲ್ಲಿ "ನಡಸಬ್ಯಾಡ್ರಿ" ಅಂತ ಬರೆದು ಅವನು ಬಾಗಿಲು ಹಾಕಿದ.

ಪೂಜಿಯ ದಿನ ಮುಂಜಾನೆಯೇ ಶಿವಾನಂದ ಚೆಂಡುಹೂವಿನ ಹಾರ, ಕಾಯಿ ಹಿಡಿದು ಯಮನಪ್ಪನನ್ನು ಕರೆದುಕೊಂಡು ಬಂದ. ರಾಮದುರ್ಗದ ಸೀರೆ ವ್ಯಾಪಾರದವರ ಮಗಳನ್ನು ಅವನಿಗೆ ಗೊತ್ತು ಮಾಡಿದ್ದರು. ಬನ್ನಿ ಕೊಡುವ ನೆವದಲ್ಲಿ ಮಾವನ ಮನೆಯ ಮುಂದೆ ಕಾರು ನಿಲ್ಲಿಸಬೇಕಾಗಿತ್ತು. ದಾವಲಸಾಬ ಬಿರುಕು ತೋರಿಸುತ್ತೇನೆ ಬರ್ರಿ ಅಂದ. ಧೋತರ ಹೊಲಸಾಗುತ್ತದೆ ಅಂತ ಶಿವಾನಂದ ಬಗ್ಗಲಿಲ್ಲ. ಯಮನಪ್ಪನಿಗೆ ಹೇಳಿ ಕೀಲುಕೀಲಿಗೆ ಗ್ರೀಸ್ ಹೊಡೆಸಿದ, ಸಂದಿಯಲ್ಲಿ ಅರಿವೆ ತುರುಕಿಸಿದ. ಗಾಜಿನ ಮೇಲಿನ ಅಕ್ಷರ ಒರೆಸಿ, ಪೇಟೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಸಪ್ಪಳ ಇರಲಿಲ್ಲ.

"ಮೂರ ದಿನಾ ಮಲಕೊಂಡಿ, ಏನೂ ಆಗಲಿಲ್ಲ ನಿನ್ನ ಕೈಲೆ. ಅರ್ಧ ತಾಸಿನ್ಯಾಗ ಸಪ್ಪಳಾ ಹೋತು ನೋಡು, ಕಿವುಡಾ."

ದಾವಲಸಾಬ ಕಾರಿನ ಮುಂದೆ ಹೋಗಿ ಎರಡೂ ಕೈ ಅದರ ಮೂತಿಯ ಮೇಲೆ ಊರಿ ನಿಂತ. "ಸಪ್ಪಳಾ ಹೋಗೇತ್ರಿ ಸಣ್ಣ ಧಣೇರ, ಬಿರುಕು ಹೋಗಿಲ್ಲ. ಇಷ್ಟ ದಿನಾ ಅದು ಹೇಳತಿತ್ತು. ಈಗ ಹೇಳದನ ಮುರಿತೈತಿ."

ಶಿವಾನಂದ ಅವನ ಎದೆಗೆ ಕೈಹಚ್ಚಿ ಪಕ್ಕಕ್ಕೆ ದೂಡಿದ. ಐವತ್ತು ದಾಟಿದ ಮನುಷ್ಯ, ಹೂವಿನ ಬುಟ್ಟಿಯ ಮೇಲೆ ಹೋಗಿ ಬಿದ್ದ. ಓಣಿಯವರು ಅರಿಷಿಣ ಕುಂಕುಮ ಹಿಡಿದು ನಿಂತು ನೋಡಿದರು. ನಾನೂ ಅಲ್ಲೇ ಇದ್ದೆ.

ಮರುದಿನ ಬನ್ನಿ. ಸವದತ್ತಿ ದಾಟಿ ಮನೋಳಿಗೆ ಇಳಿಯುವ ಎಡ ತಿರುವಿನಲ್ಲಿ ಬಲಗಾಲಿ ಒಳಗೆ ಮಡಚಿತು. ಕಾರು ಜ್ವಾಳದ ಹೊಲದಲ್ಲಿ ಬೋರಲು ಬಿತ್ತು. ಶಿವಾನಂದನಿಗೆ ಭುಜದ ಎಲುಬು ಮುರಿಯಿತು, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಯಮನಪ್ಪನ ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿದರು.

ರಾಮದುರ್ಗದವರು ಕೇಳಿ ಕಳಿಸಿದ್ದರು, ಹುಡುಗ ಹುಂಬನಾ ಅಂತ. ಲಗ್ನ ಮುರಿಯದ ಹಾಗೆ ಸಾವ್ಕಾರನಿಗೆ ಒಬ್ಬ ತಪ್ಪುಗಾರ ಬೇಕಾಯಿತು. ಎಂಟು ದಿನದ ಮೇಲೆ ಜಿನ್ನಿನ ಪಡಸಾಲೆಯಲ್ಲಿ ಹಿರಿಯರನ್ನು ಕೂಡಿಸಿ, ದಾವಲಸಾಬನನ್ನು ಕರೆಸಿ, ಸ್ಟೇರಿಂಗ್ ಬಿಚ್ಚಿ ನಟ್ಟು ಬಿಗಿ ಮಾಡದೆ ಕೊಟ್ಟೆ ಅಂತ ಒಪ್ಪಿಕೋ ಅಂದ. ಮೂರು ದಿನ ಬರೀ ಕೋಲು ಕಚ್ಚಿ ಮಲಗಿದವನು, ಹತ್ಯಾರ ಪೂಜಿಗಿಟ್ಟ ಮೇಲೆ ಬಿಚ್ಚಿದ್ದು ಹೇಗೆ ಅಂತ ಕೇಳುವಷ್ಟು ಬುದ್ಧಿ ಆ ಹಿರಿಯರಲ್ಲಿ ಒಬ್ಬನಿಗೂ ಬರಲಿಲ್ಲ. ಬಂದಿದ್ದರೂ ಅದು ಬಾಯಿಯ ತನಕ ಬರುತ್ತಿರಲಿಲ್ಲ.

"ಮುರದ ಕಬ್ಬಣಾ ತರಸ್ರಿ," ಅಂದ ದಾವಲಸಾಬ. "ಅರ್ಧಾ ತುಕ್ಕ ಹಿಡದಿರತೈತಿ, ಅರ್ಧಾ ಹೊಳೀತಿರತೈತಿ. ತುಕ್ಕ ಹಿಡದದ್ದು ಹಳೇ ಬಿರುಕು. ನಟ್ಟ ಸಡಲಿದ್ರ ಕಬ್ಬಣಾ ಮುರಿಯಂಗಿಲ್ರಿ."

ಯಾರೂ ತರಿಸಲಿಲ್ಲ. ಕಾರನ್ನು ಆಗಲೇ ಗೋದಾಮಿಗೆ ಹಾಕಿ ಕೀಲಿ ಜಡಿದಿದ್ದರು. ಕುತ್ತಿಗೆಗೆ ಕೈ ಕಟ್ಟಿಕೊಂಡು ಕೂತಿದ್ದ ಶಿವಾನಂದ, ಕಿವುಡನಿಗೆ ಸಪ್ಪಳ ಕೇಳಿಸುತ್ತದೆ ಅಂತ ನಂಬಿದ್ದು ನಮ್ಮದೇ ತಪ್ಪು ಅಂದ. ಹಿರಿಯರು ನಕ್ಕರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಿರುಕು ಕಂಡವಳು, ಎಲ್ಲ ಮಾತು ಕೇಳಿದವಳು. ಬಾಯಿ ತೆರೆಯಲಿಲ್ಲ. ಜಿನ್ನಿನ ಆಳುಗಳಿಗೆ ರೊಟ್ಟಿ ಹೋಗುತ್ತಿದ್ದದ್ದು ನನ್ನ ಒಲೆಯಿಂದ. ಖಾನಾವಳಿಯ ಜಾಗ ಸಾವ್ಕಾರನದು. ಅದಕ್ಕಿಂತ ಹೆಚ್ಚಾಗಿ, ಗಾಲಿ ಯಾಕೆ ಬಿಚ್ಚಲಿಲ್ಲ ಅಂತ ಯಾರಾದರೂ ಕೇಳಿದರೆ ನನ್ನ ಹೆಸರು ಬರುತ್ತದೆ ಅಂತ ಹೆದರಿದ್ದೆ. ಅದನ್ನೂ ಒಬ್ಬ ಹಿರಿಯ ಕೇಳಿಯೇಬಿಟ್ಟ, ಅಷ್ಟು ಅಪಾಯ ಇದ್ದರೆ ಗಾಲಿ ಬಿಚ್ಚಿ ಇಡಬೇಕಿತ್ತಲ್ಲ ಅಂತ. ದಾವಲಸಾಬ ನನ್ನ ಕಡೆ ನೋಡಲಿಲ್ಲ. ತನ್ನ ಬುದ್ಧಿ ಕಡಿಮೆ ಆಯಿತು ಅಂದ. ಅಷ್ಟೇ ಸಾಕಾಯಿತು ಅವರಿಗೆ. ತಪ್ಪು ಒಪ್ಪಿಕೊಂಡ ಅಂತ ಎದ್ದರು. ಜಾಗ ಬಿಡಲು ಎರಡು ದಿನ ಕೊಟ್ಟರು.

ಎರಡು ದಿನ ಅವನು ಕಾಯಲಿಲ್ಲ. ಮರುದಿನ ಮಧ್ಯಾಹ್ನವೇ ಟ್ರಂಕು ಕಟ್ಟಿದ. ಮಿರಜದ ಕಡೆ ಮಗಳಿದ್ದಳು. ದಾರಿಗೆ ನಾಲ್ಕು ರೊಟ್ಟಿ ಕಟ್ಟಿಕೊಡು ಅಂತ ಬಂದ. ಕಟ್ಟುತ್ತಾ ನಾನೇ ಕೇಳಿದೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ. ಆ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಯಮನಪ್ಪನ್ನ ಯಾರೂ ನೋಡಾಕ ಹೋಗಿಲ್ಲಂತ. ನೀ ಒಂದೀಟು ಹೋಗಿ ಬಾ ತಂಗಿ," ಅಂದು ಗಂಟು ತೆಗೆದುಕೊಂಡು ಹೋದ.

ಮೈಯೆಲ್ಲ ಉರಿಯಿತು ನನಗೆ. ಬೈಯ್ಯಬೇಕಿತ್ತು ಅವನು. ಸಾವ್ಕಾರನನ್ನು, ಆ ಹಿರಿಯರನ್ನು, ನನ್ನನ್ನು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಬೈದು ಹೋಗಬೇಕಿತ್ತು. ಅಂಥ ಒಳ್ಳೆಯತನ ಯಾರಿಗೆ ಬೇಕು? ಅವನು ಮತ್ತೆ ಈ ಊರಿಗೆ ಕಾಲಿಡಲಿಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ವರ್ಷವೇ ಕಳೆದಿತ್ತು.

ಅವನು ಹೋದ ಮರುದಿನ ಮುಂಜಾನೆ ನಾನು ಒಲೆ ಹೊತ್ತಿಸಲಿಲ್ಲ. ಮೊದಲ ಬಸ್ಸಿಗೆ ರಾಮದುರ್ಗಕ್ಕೆ ಹೋದೆ. ಸೀರೆಯವರ ಮನೆ ಕೇಳಿಕೊಂಡು ಹೋಗಿ ಕಟ್ಟೆ ಹತ್ತಿದೆ. ಹುಡುಗಿಯ ಅಪ್ಪ ಯಾರ ಪೈಕಿ ಅಂತ ಕೇಳಿದ. ಯಾರ ಪೈಕಿಯೂ ಅಲ್ಲ, ಬೈಲಹೊಂಗಲದಲ್ಲಿ ರೊಟ್ಟಿ ಬಡಿಯುವ ಗಂಗವ್ವ ಅಂದೆ. ಅವನ ಹೆಂಡತಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಹೇಳುವ ತನಕ ಮುಟ್ಟುವುದಿಲ್ಲ ಅಂದೆ.

"ನಿಮ್ಮ ಮಗಳನ್ನೂ ಕರೀರಿ. ಆಕಿನೂ ಕೇಳಲಿ."

ಹುಡುಗಿ ಬಂದು ಕಂಬದ ಹತ್ತಿರ ನಿಂತಳು. ಬಿರುಕು ಹೇಳಿದೆ. ಗ್ರೀಸು ಹೇಳಿದೆ. ಎದೆಗೆ ಕೈಹಚ್ಚಿ ದೂಡಿದ್ದು, ಯಮನಪ್ಪನ ಕಾಲು, ಪಡಸಾಲೆಯ ನಗು, ಒಂದೂ ಬಿಡಲಿಲ್ಲ. ಕಡೆಗೆ, ಪಾನಾಕ್ಕೆ ಚಾಚಿದ ಕೈಯನ್ನು ತಡೆದವಳು ನಾನು ಅನ್ನುವುದನ್ನೂ ಹೇಳಿದೆ. ಆಮೇಲೆ ತಂಬಿಗೆ ಎತ್ತಿ ನೀರು ಕುಡಿದೆ.